ಬಾತುಕೋಳಿ ಹುಡುಗಿಗೆ ಬಂದ ಹಲ್ಲು

ಆ ಬೀದಿಯಲ್ಲಿ ಮುದುಕರು ಯಾರಾದರೂ ಬಾಯ್ತುಂಬ ನಕ್ಕರೆ ಅದರ ಅರ್ಧ ಪುಣ್ಯ ಹಲ್ಲಪ್ಪನದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚು ನೋಡಿ, ಪಿಂಗಾಣಿ ಪುಡಿಯನ್ನು ಬ್ರಶ್ಶಿನ ತುದಿಯಲ್ಲಿ ಎತ್ತಿ ಎತ್ತಿ ಹಲ್ಲು ಕಟ್ಟಿ, ಪುಟ್ಟ ಕುಲುಮೆಯಲ್ಲಿ ಸುಡುವುದು ಅವನ ಕಸುಬು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡಿ ಗುರುತು ಹಿಡಿಯುತ್ತಿದ್ದ. ಬಾಯಿ ಮುಚ್ಚಿಕೊಂಡು ಹೋದರೆ ಸ್ವಂತ ಷಡ್ಡಕನೂ ಅವನಿಗೆ ಅಪರಿಚಿತ.

ಅಂಥವನ ಮನೆಯಲ್ಲಿ ಬಾಯಿ ಬಿಡದವರೇ ತುಂಬಿದ್ದರು. ಹೆಂಡತಿಗೆ ಪಿಂಗಾಣಿ ಗೊಂಬೆಗಳ ಹುಚ್ಚು. ಹಜಾರದ ಷೋಕೇಸಿನಲ್ಲಿ ಕುರಿ ಕಾಯುವವನು, ಪಿಟೀಲಿನವನು, ಹೂ ಮಾರುವವಳು, ಎಲ್ಲರೂ ತುಟಿ ಬಿಗಿದು ನಿಂತಿದ್ದರು. ದಿನವಿಡೀ ಪಿಂಗಾಣಿಯ ಜೊತೆ ಹೆಣಗಿ ಮನೆಗೆ ಬಂದರೆ ಇಲ್ಲೂ ಪಿಂಗಾಣಿಯೇ ಅವನನ್ನು ದಿಟ್ಟಿಸುತ್ತಿತ್ತು.

“ಕಚ್ಚೋಕಾಗಲ್ಲ, ಅಗಿಯೋಕಾಗಲ್ಲ. ಯಾಕೇ ಇವೆಲ್ಲ?” ಎಂದು ಒಮ್ಮೆ ಕೇಳಿದ್ದ.

“ಧೂಳು ಒರೆಸಿದ್ರೆ ಸಾಕು, ಹೀಗೇ ನಿಂತಿರ್ತಾವೆ ರೀ,” ಎಂದಿದ್ದಳು ಹೆಂಡತಿ. “ಮನುಷ್ಯರನ್ನ ಇಷ್ಟು ಸುಲಭವಾಗಿ ಇಟ್ಕೊಳೋಕಾಗುತ್ತಾ?”

ಅವುಗಳಲ್ಲೆಲ್ಲ ಮಹಾರಾಣಿ ಎಂದರೆ ಬಾತುಕೋಳಿ ಹುಡುಗಿ. ಕಂಕುಳಲ್ಲಿ ಬಾತುಕೋಳಿ ಅವುಚಿಕೊಂಡ ಗೇಣುದ್ದದ ಗೊಂಬೆ. ಹೆಂಡತಿಯ ತಾಯಿ ಸಾಯುವ ಮುಂಚೆ ಮಗಳ ಕೈಗಿಟ್ಟದ್ದು. ಆ ತಾಯಿಗೆ ಕ್ಯಾಮೆರಾ ಕಂಡರೆ ನಾಚಿಕೆ, ಇದ್ದಬದ್ದ ಫೋಟೊಗಳಲ್ಲೆಲ್ಲ ಕೈಯಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದಾಳೆ. ಹೀಗಾಗಿ ಅಮ್ಮನ ನೆನಪಾದಾಗ ಮಗಳು ಫೋಟೊ ತೆಗೆದು ನೋಡುತ್ತಿರಲಿಲ್ಲ, ಆ ಗೊಂಬೆಯ ಧೂಳು ಒರೆಸುತ್ತಿದ್ದಳು.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಹಲ್ಲಪ್ಪನಿಗೆ ಎಣಿಸದೆ ಇರಲು ಬರುತ್ತಿರಲಿಲ್ಲ. ಹೆಂಡತಿ ತಂಗಿಯ ಮನೆಗೆ ಹೋದ ವಾರ, ಆ ಹುಡುಗಿಯ ಕೆನ್ನೆಯ ಬಿಳುಪೂ ತಾನು ಅಜ್ಜಿಯಂದಿರಿಗೆ ಹಾಕುವ ಹಲ್ಲಿನ ಬಿಳುಪೂ ಒಂದೇ ಇರಬಹುದೇ ಎಂಬ ಬಹುದಿನದ ಅನುಮಾನ ಕೆರಳಿತು. ಗೊಂಬೆಯನ್ನು ಕಿಟಕಿಯ ಬೆಳಕಿಗೆ ತಂದು, ಬಿಳುಪು ಹೋಲಿಸುವ ಮಾದರಿ ಹಲ್ಲುಗಳ ಪಟ್ಟಿಯನ್ನು ಕೆನ್ನೆಗೆ ಹಿಡಿದ. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಕಿರುಚಿತು. ಬೆಚ್ಚಿಬಿದ್ದ. ಗೊಂಬೆಯೂ ಬಿತ್ತು.

ಫೋನಿನಲ್ಲಿ ಹೆಂಡತಿ. “ಒಂದು ಮಾತು ಹೇಳೋದು ಮರ್ತಿದ್ದೆ. ಷೋಕೇಸ್ ಮುಟ್ಟಬೇಡಿ.”

“ನಾನ್ಯಾಕೆ ಮುಟ್ಲಿ,” ಎಂದ ಹಲ್ಲಪ್ಪ, ನೆಲದ ಮೇಲಿನ ಚೂರು ಎಣಿಸುತ್ತ.

ಬಾತುಕೋಳಿಯ ಕೂದಲೂ ಕೊಂಕಿರಲಿಲ್ಲ. ಹುಡುಗಿಯ ಕುತ್ತಿಗೆ ಮುರಿದಿತ್ತು, ಬಾಯಿ ಇದ್ದ ಜಾಗ ಪುಡಿಪುಡಿಯಾಗಿತ್ತು. ಅತ್ತೆಯ ಕೊನೆಯ ಗುರುತು, ಅದೂ ತನ್ನ ಕೈಯಿಂದಲೇ ಹೋಯಿತಲ್ಲ ಎಂದುಕೊಂಡ ಹಲ್ಲಪ್ಪ. ಚೂರುಗಳನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ತನ್ನ ಹಲ್ಲು ಕಟ್ಟುವ ಅಂಗಡಿಗೆ ಓಡಿದ.

ಕುತ್ತಿಗೆ ಸಲೀಸಾಗಿ ಕೂತಿತು. ತೊಂದರೆ ಕೊಟ್ಟದ್ದು ಬಾಯಿ. ಮುಚ್ಚಿದ ಬಾಯಿ ಮಾಡಿ ಅವನಿಗೆ ಅಭ್ಯಾಸವೇ ಇಲ್ಲ. ತುಟಿ ಎಂದುಕೊಂಡು ಶುರುಮಾಡಿದರೆ ಬ್ರಶ್ಶು ತಾನಾಗಿ ಹಲ್ಲಿಗೆ ಹೋಗುತ್ತಿತ್ತು. ಒರೆಸಿದ, ಮತ್ತೆ ಕಟ್ಟಿದ, ಮತ್ತೆ ಹಲ್ಲೇ ಬಂತು. ಕೊನೆಗೆ ಹಲ್ಲು ಕಚ್ಚಿಕೊಂಡು ಅದನ್ನೇ ಸುಟ್ಟು ಅಂಟಿಸಿದ. ಷೋಕೇಸಿನಲ್ಲಿ ಎಲ್ಲರೂ ಗಂಭೀರವಾಗಿ ನಿಂತಿರುವಾಗ ಬಾತುಕೋಳಿ ಹುಡುಗಿ ಒಬ್ಬಳೇ ಹಲ್ಲು ಬಿಟ್ಟುಕೊಂಡು ನಿಂತಳು. ಬಾತುಕೋಳಿಗೂ ಮುಜುಗರವಾದಂತಿತ್ತು.

ಹೆಂಡತಿ ಬಂದವಳು ಚೀಲ ಇಳಿಸುವ ಮೊದಲೇ ಷೋಕೇಸಿನ ಮುಂದೆ ನಿಂತಳು. ಹಲ್ಲಪ್ಪ ಮೂರು ಸುಳ್ಳು ಸಿದ್ಧಮಾಡಿಟ್ಟುಕೊಂಡಿದ್ದ.

“ಬಿತ್ತಾ?” ಎಂದಳು.

“ಬಿತ್ತು. ಬಾಯಿ ಮುಚ್ಸೋಕೆ ತುಂಬಾ ನೋಡ್ದೆ ಕಣೇ. ಬರ್ಲಿಲ್ಲ.”

ಅವಳು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. ಆಮೇಲೆ, “ಅಮ್ಮ,” ಎಂದಳು.

ಹಲ್ಲಪ್ಪನೂ ಬಗ್ಗಿ ನೋಡಿದ. ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ತುಸು ಹತ್ತಿ ಕೂತಿತ್ತು. ಅವನು ಜೀವನದಲ್ಲಿ ಮಾಡಿದ ಮೊಟ್ಟಮೊದಲ ಹಲ್ಲಿನ ಸೆಟ್ಟು ಅತ್ತೆಯದು. ಹೊಸ ಅಳಿಯ, ಹೊಸ ಕಸುಬು, ಆ ಒಂದು ಹಲ್ಲು ಹೀಗೇ ಎಡವಟ್ಟಾಗಿತ್ತು. ಬೇರೆ ಮಾಡಿಕೊಡುತ್ತೇನೆಂದು ಎಷ್ಟು ಗೋಗರೆದರೂ ಆಕೆ, “ಅಳಿಯಂದಿರು ಕೊಟ್ಟಿದ್ದು, ಇರ್ಲಿ ಬಿಡಿ,” ಎಂದು ಕೊನೆಯವರೆಗೂ ಅದನ್ನೇ ಹಾಕಿಕೊಂಡಿದ್ದಳು. ಹೊರಗೆ ಕೈ ಅಡ್ಡ ಹಿಡಿದರೂ ಮನೆಯಲ್ಲಿ ಮಗಳ ಎದುರು ಧಾರಾಳವಾಗಿ ನಗುತ್ತಿದ್ದಳು. ಅವನಿಗೆ ಅದು ಮರೆತೇ ಹೋಗಿತ್ತು. ಕೈಗೆ ಮರೆತಿರಲಿಲ್ಲ.

ಹೆಂಡತಿ ಅತ್ತಳು, ನಡುವೆ ನಕ್ಕಳು, ಆಮೇಲೆ ಷೋಕೇಸ್ ಮುಟ್ಟಿದ್ದಕ್ಕೆ ಅವನಿಗೆ ಚೆನ್ನಾಗಿ ಬೈದಳು.

ಕೆಲವು ದಿನ ಕಳೆದು ಅವನು ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಕುರಿ ಕಾಯುವವನನ್ನು ತಂದಿಟ್ಟಳು. “ಇವನಿಗೂ ಹಲ್ಲು ಹಾಕಿ.”

“ನಿಮ್ಮಪ್ಪಂದಾ? ಅವರದ್ದು ಎಲ್ಲಾ ಸ್ವಂತದ್ದು. ನಾನು ಮುಟ್ಟೇ ಇಲ್ಲ.”

“ನಿಮ್ಮದು,” ಎಂದಳು. “ಕೈ ಗಟ್ಟಿಯಾಗಿರೋವಾಗ್ಲೇ ಮಾಡಿಟ್ಬಿಡಿ. ಆಮೇಲೆ ನಾನು ಯಾರ ಹತ್ರ ಹೋಗ್ಲಿ?”

ಹಲ್ಲಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ. ಬೀದಿಯವರೆಲ್ಲರ ಬಾಯಿ ಬಲ್ಲವನಿಗೆ ತನ್ನದು ಹೇಗಿದೆಯೆಂದೇ ಗೊತ್ತಿರಲಿಲ್ಲ. ಎದ್ದು ಕೈ ತೊಳೆದು ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದ. ಸಾಲ ಕೇಳಲು ಬಂದವನ ಮುಖ ಕಂಡಿತು.

“ಹಾಗೆ ಹಲ್ಲು ಕಿರೀಬೇಡಿ ರೀ,” ಎಂದು ಹಿಂದಿನಿಂದ ಅವಳ ದನಿ. “ನಾನು ಊರಿಂದ ಬಂದಾಗ ಬಾಗಿಲು ತೆಗೀತೀರಲ್ಲ, ಆ ನಗು.”

ಅವನು ಕನ್ನಡಿ ಬಿಟ್ಟು ಅವಳ ಕಡೆ ತಿರುಗಿದ. ನಗು ತಾನಾಗಿ ಬಂತು, ಕಣ್ಣಲ್ಲಿ ನೀರೂ ಬಂತು.

“ಇದೇ, ಅಲ್ಲಾಡ್ಬೇಡಿ,” ಎಂದವಳೇ, ಅವನ ಅಂಗಡಿಯಿಂದ ಹೇಳದೆ ಕೇಳದೆ ತಂದಿಟ್ಟುಕೊಂಡಿದ್ದ ಅಚ್ಚಿನ ಮೇಣವನ್ನು ಅವನ ಬಾಯಿಗೆ ತುರುಕಿ, ಗಲ್ಲ ಒತ್ತಿ ಹಿಡಿದುಕೊಂಡಳು.