ಮೊದಲ ಬಹುಮಾನದ ಕೌದಿ

ಕೌದಿ ನೋಡೋದಂದ್ರ ಮೊದಲ ಅದರ ಬೆನ್ನು ನೋಡಬೇಕು. ಮುಂದಿನ ಮಗ್ಗಲು ಎಲ್ಲಾರೂ ಛಂದನ ಮಾಡ್ತಾರ, ಕೈ ಎಂಥಾದ್ದು ಅನ್ನೋದು ಹಿಂದ ತಿಳೀತೈತಿ. ಹೊಲಿಗಿ ಟೀಚರ್ ಆಗಿ ಸಾಲ್ಯಾಗ ಮೂವತ್ತು ವರ್ಷ ಹುಡುಗ್ಯಾರಿಗೆ ನಾ ಹೇಳಿದ್ದು ಇದನ್ನ. ರಿಟೈರ್ ಆದ ಮ್ಯಾಲ ಧಾರವಾಡದ ಒಂದು ಸಂಘದವರು ತಮ್ಮ ಕೌದಿ ಪ್ರದರ್ಶನಕ್ಕ ನಿರ್ಣಾಯಕಿ ಆಗಿ ಬರ್ರಿ ಅಂದಾಗ ಭಾಳ ಬೀಗಿದೆ. ಸುಳ್ಳ್ಯಾಕ ಹೇಳ್ಲಿ? ಇಳಕಲ್ ಸೀರಿ ಉಟಗೊಂಡು, ಚಾಳೀಸು ಒರಸಿಕೊಂಡು, ಕಸಾ ಹೊಡಿಯೂ ಹೊತ್ತಿಗೇ ಹೋಗಿ ಕುಂತಿದ್ದೆ.

ಹಾಲ್‌ನ್ಯಾಗ ಹಗ್ಗಾ ಕಟ್ಟಿ ಕೌದಿ ಹಾಕಾಕತ್ತಿದ್ರು. ಮುಗದ ಅನ್ನೂ ಹಳ್ಳಿಯಿಂದ ಬಂದ ಅಜ್ಜಿ ಒಬ್ಬಾಕಿ ಮಾತ್ರ ತನ್ನ ಕೌದಿನ ಎದಿಗೆ ಅವಚಿಕೊಂಡು ನಿಂತಿದ್ಲು.

“ಅಕ್ಕಾರ, ಇದನ್ನ ಸಂಜೀಗೆ ತಿರುಗಿ ಕೊಡ್ತಾರಲ್ರೀ?”

“ಕೊಡದ ಏನ್ ಮಾಡ್ತಾರ ಬೇ?”

“ಹಂಗಲ್ರಿ. ಮಗಳು ತೀರ್ಕೊಂಡು ಎರಡ ವರ್ಷ ಆತು. ಅಕಿ ಸೀರಿ, ಅಕಿ ಕುಬಸ ಎಲ್ಲಾ ಇದರಾಗ ಅದಾವ್ರಿ. ಮೊಮ್ಮಗಳಿಗೆ ಇದನ್ನ ಹೊದಿಸಲಿಲ್ಲಂದ್ರ ಮಲಗೂದೇ ಇಲ್ಲ. ಊರಾಗಿನ ಹೆಣ್ಮಕ್ಕಳು ಕೇಳವಲ್ರು, ಜಬರದಸ್ತಿ ಮಾಡಿ ಕರಕೊಂಡು ಬಂದಾರ. ಕೂಸು ಏಳೂ ಮುಂಚೆ ಮೆಲ್ಲಕ ತಗೊಂಡು ಬಂದೇನ್ರಿ.”

“ಚಿಂತಿ ಬಿಡ್ರಿ. ಸಂಜಿ ಬಸ್ಸಿಗೆ ನಿಮ್ಮ ಕೌದಿ ನಿಮ್ಮ ಬಗಲಾಗ ಇರ್ತೈತಿ. ನಾ ಅದೇನಿ” ಅಂದೆ. ನಾಲಿಗಿಗೆ ಎಲುಬಿಲ್ಲ ಅಂತಾರಲ್ಲ, ಖರೇ ಐತಿ. ಯಾರ ಬಲದ ಮ್ಯಾಲ ಆ ಮಾತು ಕೊಟ್ಟೆನೋ ನನಗ ಇವತ್ತಿಗೂ ತಿಳಿದಿಲ್ಲ.

ನಿರ್ಣಾಯಕರು ಮೂರು ಮಂದಿ ಇದ್ವಿ. ನಾನು, ಹುಬ್ಬಳ್ಳ್ಯಾಗ ಬುಟಿಕ್ ಇಟ್ಟಾಕಿ ಒಬ್ಬಾಕಿ, ಫ್ಯಾಶನ್ ಡಿಸೈನ್ ಕಲಿಸೂ ಒಂದು ಹುಡುಗಿ. ಅವರಿಬ್ಬರ ಕಣ್ಣು ಮಖಮಲ್ಲಿನ ಕೌದಿ ಮ್ಯಾಲ ಬಿದ್ದಿತ್ತು. ಹೊಸಾ ಅರಬಿ, ಮಷಿನ್ ಹೊಲಿಗಿ, ಸುತ್ತಲೂ ಜರಿ. ಅದನ್ನ ಹೊದ್ದರ ಮೈಮ್ಯಾಲ ನಿಲ್ಲೂದಿಲ್ಲ, ಜಾರಿ ನೆಲಾ ಸೇರ್ತೈತಿ. ನನಗ ಸಿಟ್ಟು ಬಂತು. ಕೌದಿ ಅಂದ್ರ ಉಟ್ಟು ತೊಟ್ಟು ಮೆತ್ತಗಾದ ಅರಬೀಲೆ ಮಾಡೋದು, ಅಂಗಡ್ಯಾಗಿಂದು ಹರದು ಮಾಡೋದಲ್ಲ.

ಅಜ್ಜಿ ಕೌದಿನ ಹೊಳ್ಳಿಸಿ ತೋರಿಸಿದೆ. ಅಂಚಿನಿಂದ ಸುರು ಆದ ಹೊಲಿಗಿ ಚೌಕ ಚೌಕ ಸುತ್ತಕೋತ ನಡುವಿಗೆ ಬಂದು ನಿಂತಿತ್ತು. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗಿ, ಎಲ್ಲೂ ಸೊಟ್ಟ ಇಲ್ಲ, ಎಲ್ಲೂ ಜಗ್ಗಿಲ್ಲ. ಬುಟಿಕ್‌ನಾಕಿ ನಡುವ ಕೈಯಾಡಿಸಿ, “ಇಲ್ಲೆ ಗಂಟು ಐತ್ರಿ, ಡಿಫೆಕ್ಟ್” ಅಂತ ಮಾರ್ಕ್ಸ್ ಕಡಿದಳು.

“ಡಿಫೆಕ್ಟ್ ಅಲ್ರೀ ತಾಯಿ, ಅದು ಕೌದಿ ಊಟ!” ಅಂದೆ. ಕಡೀ ಹೊಲಿಗಿ ಹಾಕೂ ಮುಂಚೆ ನಾಕ ಜ್ವಾಳದ ಕಾಳು, ಒಂದು ಒಣಾ ರೊಟ್ಟಿ ಚೂರು ಒಳಗಿಟ್ಟು ಮುಚ್ಚತಾರ. ಹಸದ ಕೌದಿ ಹೊದ್ದಾವರಿಗೆ ನಿದ್ದಿ ಬರೂದಿಲ್ಲ ಅಂತ ನಮ್ಮವ್ವನೂ ಹೇಳ್ತಿದ್ಲು. ಇದೆಲ್ಲಾ ಹೇಳಿ, ವಾದಾ ಮಾಡಿ, ಒಂದ್ ಸಲ ಟೇಬಲ್ಲೂ ಗುದ್ದಿದೆ. ಹುಡುಗಿ ನನ್ನ ಕಡೆ ಆದಳು. ಮೊದಲನೇ ನಂಬರ್ ಅಜ್ಜಿಗೇ ಬಂತು. ಗೆದ್ದೆ ಅಂತ ಹಿಗ್ಗಿಲೆ ಚಾ ಎರಡ ಕಪ್ಪು ಕುಡದೆ.

ಸಂಜಿ ಮುಂದ ಸಮಾರಂಭ. ಮುಖ್ಯ ಅತಿಥಿ ದೊಡ್ಡ ಮನಶ್ಯಾ, ತಡಾ ಮಾಡಿ ಬಂದ್ರು. ಅಜ್ಜಿ ಸ್ಟೇಜ್ ಹತ್ತಿ ಸರ್ಟಿಫಿಕೇಟ್ ತಗೊಂಡು, ಎಲ್ಲಾರಿಗೂ ಕೈ ಮುಗದು ಇಳದ್ಲು. ಆಮ್ಯಾಲ ಅತಿಥಿ ಸನ್ಮಾನ, ಅವರಿಗೆ ಶಾಲು ಹೊದಿಸಬೇಕಲ್ಲ? ಸಂಘದ ಸಂಚಾಲಕರಿಗೆ ಅದೆಲ್ಲಿಂದ ಹೊಳೀತೋ, ಮೈಕ್ ಹಿಡದು, “ಶಾಲು ಎಲ್ಲಾರೂ ಹೊದಸ್ತಾರ್ರಿ. ನಾವು ಇವತ್ತ ಮೊದಲ ಬಹುಮಾನದ ಕೌದಿನ ಹೊದಸ್ತೇವಿ! ನಿರ್ಣಾಯಕರ ಪೈಕಿ ಹಿರಿಯರು ನಮ್ಮ ಮೇಡಂ, ಅವರೇ ಹೊದಿಸಬೇಕು!” ಅಂದ್ರು. ಹಾಲ್ ತುಂಬ ಚಪ್ಪಾಳಿ ಬಿತ್ತು.

“ಸರ್, ಅದು ಅಕಿದರಿ, ಕೊಡಾಂಗಿಲ್ಲ” ಅಂತ ಅವರ ಕಿವಿಯಾಗ ಅಂದೆ.

“ಫೋಟೋಕ್ಕಷ್ಟ ಮೇಡಂ. ಆಮ್ಯಾಲ ನಾ ಕೊಡಸ್ತೇನಿ, ಲಗೂ ಹೊದಸ್ರಿ.”

ಅಷ್ಟು ಮಂದಿ ಮುಂದ ಏನು ಮಾಡ್ಲಿ? ಕೌದಿ ನನ್ನ ಕೈಗೆ ಬಂದಿತ್ತು, ಕ್ಯಾಮೆರಾ ಎದುರಿಗಿತ್ತು. ಹೊದಿಸಿದೆ. ಈ ಕೈಲೇ ಹೊದಿಸಿದೆ. ಕೆಳಗ ಎಲ್ಲಾರಕಿಂತ ಜೋರ ಚಪ್ಪಾಳಿ ಹೊಡದಾಕಿ ಅಜ್ಜಿನೇ. ಅಕಿನೂ ಫೋಟೋಕ್ಕಷ್ಟ ಅಂತ ತಿಳದಿದ್ಲು.

ಅತಿಥಿ ಭಾಳ ಖುಷಿಯಾದ್ರು, ಭಾಷಣದಾಗ ತಮ್ಮ ಅಜ್ಜಿನ್ನ ನೆನಸಿಕೊಂಡ್ರು. ಇಳಿಯೂ ಮುಂದ ಅವರ ಸಹಾಯಕ ಕೌದಿ ಮಡಚಿ, ಹಣ್ಣಿನ ಬುಟ್ಟಿ ಜೋಡಿ ಕಾರಿಗೆ ಒಯ್ದ. ನಾ ಸಂಚಾಲಕರ ಮಾರಿ ನೋಡಿದೆ. ಅವರು ಬ್ಯಾರೆ ಕಡೆ ನೋಡಾಕತ್ತಿದ್ರು. ಸನ್ಮಾನಕ್ಕ ಹೊದಿಸಿದ್ದನ್ನ ತಿರುಗಿ ಕೇಳೂದಂದ್ರ ಉಣ್ಣಾವರ ಎಲಿಯಾಗಿನ ಹೋಳಿಗಿ ಕಸಗೊಂಡಂಗ. ಆ ಧೈರ್ಯ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಕಾರ್ ಹೋತು.

ಗೇಟಿನ ಹತ್ರ ಅಜ್ಜಿ ಕಾಯ್ಕೊಂಡು ನಿಂತಿದ್ಲು. “ಅಕ್ಕಾರ, ಎಷ್ಟೊತ್ತಿಗೆ ಕೊಡ್ತಾರ್ರಿ? ಬಸ್ಸು ತಪ್ಪತೈತಿ.”

ಹೇಳಿದೆ. ಹ್ಯಾಂಗ ಹೇಳಿದೆ ಅಂತ ಕೇಳಬ್ಯಾಡ್ರಿ. ಬೈದಿದ್ರ ತಡಕೋತಿದ್ದೆ. ಅಕಿ ಬೈಲಿಲ್ಲ. ಸರ್ಟಿಫಿಕೇಟ್ ಹಿಂದ ಮುಂದ ತಿರುವಿ ನೋಡಿ, “ನಂಬರ್ ಕೊಡಬ್ಯಾಡ್ರಿ ಅಂತ ನಾನ ಹೇಳಬೇಕಿತ್ತೇನ್ರಿ ಅಕ್ಕಾರ?” ಅಂದ್ಲು.

ಆ ಮಖಮಲ್ಲಿಗೆ ಕೊಡಬೇಕಿತ್ತು. ಸುಮ್ನ ಬಾಯಿ ಮುಚಗೊಂಡು ಆ ಜಾರೂ ಮಖಮಲ್ಲಿಗೆ ಕೊಟ್ಟಿದ್ರ ಮುಗೀತಿತ್ತು. ಟೇಬಲ್ ಗುದ್ದಿ ಆ ಕೂಸಿನ ಹೊದಿಕಿ ಕಸಗೊಂಡಾಕಿ ನಾನು.

ಮರುದಿನದಿಂದ ಫೋನ್ ಹಚ್ಚಿದೆ. ಸಂಚಾಲಕರು “ಕೇಳ್ತೇನ್ರಿ ಮೇಡಂ” ಅಂದ್ರು, ಆಮ್ಯಾಲ ಎತ್ತೂದ ಬಿಟ್ರು. ಸಹಾಯಕನ ನಂಬರ್ ಹುಡುಕಿ ಅವನಿಗೂ ಹಚ್ಚಿದೆ. “ಸಾಹೇಬ್ರಿಗೆ ವಾರಕ್ಕ ಎಷ್ಟ ಶಾಲು ಬರ್ತಾವ್ರೀ ಅಮ್ಮಾ. ಅಲ್ಲಲ್ಲೇ ಯಾರಿಗರ ಕೊಟ್ಟಬಿಡ್ತೇವಿ. ಕೌದಿ ಯಾರಿಗ ಕೊಟ್ವೋ ನೆನಪಿಲ್ಲ” ಅಂದ. ಸೊಕ್ಕಿಲೆ ಅಂದಿದ್ರ ಜಗಳಾರ ಮಾಡಬಹುದಿತ್ತು. ಪಾಪ, ಮೆತ್ತಗ, ಮರ್ಯಾದಿಲೇ ಹೇಳಿದ.

ಎರಡ ತಿಂಗಳಿಗೆ ಧೈರ್ಯ ಮಾಡಿ ಮುಗದಕ್ಕ ಹೋದೆ. ಕೈಯಾಗ ಬಾಳೆಹಣ್ಣು, ಬಿಸ್ಕೀಟು. ಬ್ಯಾರೆ ಏನ್ ಒಯ್ಯಬೇಕಿತ್ತು ನಾ? ಅಜ್ಜಿ ಚಾಪಿ ಹಾಸಿ ಕುಂದ್ರಿಸಿದ್ಲು, ನೀರು ಕೊಟ್ಲು. ಕೌದಿ ಸುದ್ದಿ ನಾನ ತಗದೆ. ಅಕಿ ದನಿ ಇಳಿಸಿ, “ಕೂಸಿಗೆ ಖರೇ ಹೇಳಾಕ ಆಗಲಿಲ್ರಿ. ನಿನ್ನ ಅವ್ವಗ ಥಂಡಿ ಹತ್ತಿತ್ತಂತ, ನೀ ಮಲಗಿದಾಗ ಬಂದು ಒಯ್ದಾಳ ಅಂತ ಹೇಳೇನಿ” ಅಂದು ಚಾ ಮಾಡಾಕ ಒಳಗ ಹೋದ್ಲು.

ಆರು ವರ್ಷದ್ದಿರಬೇಕು ಹುಡುಗಿ. ಬಿಸ್ಕೀಟ್ ಪುಡಿಕಿ ಹಿಡಕೊಂಡು ಕಂಬಕ್ಕ ಆತು ನಿಂತು ನನ್ನ ನೋಡಾಕತ್ತಿತ್ತು. ಬಿಚ್ಚಲಿಲ್ಲ, ತಿನ್ನಲಿಲ್ಲ. ಮೆಲ್ಲಕ ಮಗ್ಗಲಿಗೆ ಬಂದು ಕುಂತಿತು.

“ನೀವು ಸಾಲಿ ಅಕ್ಕಾರ ಅಂತ ಹೌದಲ್ರಿ?”

“ಹೌದವ್ವಾ.”

“ಹಂಗಾರ ನಿಮಗ ಗೊತ್ತಿರ್ತೈತಿ. ಅವ್ವ ಕೌದಿ ಒಯ್ಯಾಕ ಬಂದಾಗ ನಾ ಅದರೊಳಗ ಮಲಗಿದ್ನಲ್ರಿ. ನನ್ನ ಯಾಕ ಎಬಸಲಿಲ್ಲ?”