ಒಬ್ಬರಿಗೆ ಸಾಕಾಗುವ ಕುಕ್ಕರ್

"ಒಬ್ಬರಿಗೆ ಅನ್ನ ಮಾಡಾಕ ಎಷ್ಟು ದೊಡ್ಡ ಕುಕ್ಕರ್ ಬೇಕು?" ಎಂದು ನಮ್ಮ ಮನೆಯವರು ಕೇಳಿದಾಗ ನನ್ನ ಕೈಯ ಸೌಟು ಸಾರಿನಲ್ಲೇ ನಿಂತಿತು. ಮದುವೆಯಾದಾಗಿನಿಂದ ಈ ಮನುಷ್ಯ ಅಡಿಗೆಮನೆಗೆ ಬಂದದ್ದು ನೀರು ಕುಡಿಯಲು ಮಾತ್ರ. ಕುಕ್ಕರಿಗೂ ಇವರಿಗೂ ಏನು ಸಂಬಂಧ? ಅದೂ ಒಬ್ಬರಿಗೆ!

"ಯಾರಿಗ್ರಿ?" ಎಂದೆ.

"ಆಫೀಸಿನಾಗ ಒಬ್ಬ ಹೊಸಬ ಬಂದಾನ. ರೂಮ್ ಮಾಡ್ಯಾನ," ಎಂದರು, ಟಿವಿಯ ಕಡೆ ಮುಖ ಮಾಡಿಕೊಂಡು.

ನಾನು ಮೊದಲಿನಿಂದಲೂ ಸಂಶಯದ ಪ್ರಾಣಿ. ಹಾಲಿನವನ ಎದುರಿಗೇ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವವಳು, ಸ್ಟೀಲ್ ಅಂಗಡಿಗೆ ಹೋದರೆ ಪರ್ಸಿನಿಂದ ಅಯಸ್ಕಾಂತ ತೆಗೆಯುವವಳು. ಬಳ್ಳಾರಿಯ ನಮ್ಮ ಬಾಡಿಗೆ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆಯಬೇಕಾದರೆ ನಾನು ಅಡಿಗೆಮನೆಯಿಂದ ಹೊರಗೆ ಬರಬೇಕು. ಅಂಥಲ್ಲಿ ಯಾವ ಸಾಮಾನಿಗೆ ಜಾಗ ಕೊಡಬೇಕೆಂದು ಏಟು ತಿಂದೇ ಕಲಿತಿದ್ದೇನೆ. ದೋಸೆಗೆ ಕರಿ ಪುಡಿ ಅಂಟಿಸುತ್ತಿದ್ದ ನಾನ್‌ಸ್ಟಿಕ್, ಉಳ್ಳಾಗಡ್ಡಿ ಹೆಚ್ಚುವಾಗ ದಾರ ಕಿತ್ತುಕೊಂಡ ಆನ್‌ಲೈನ್ ಚಾಪರ್, ಎಲ್ಲ ಗುಜರಿಗೆ ಹೋಗಿವೆ. ಆದ್ದರಿಂದ ಉತ್ತರವನ್ನೇನೋ ಕೊಟ್ಟೆ. ಎರಡು ಲೀಟರಿನದು ಸಾಕು, ಹಿಡಿಕೆ ಗಟ್ಟಿಯಿರಲಿ, ರಬ್ಬರ್ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದಿರಲಿ ಎಂದೆ. ಆದರೆ ಮನಸ್ಸು ಆಗಲೇ ಕುದಿಯಲು ಶುರುವಾಗಿತ್ತು.

ಮರುದಿನ ಇನ್ನೊಂದು ಪ್ರಶ್ನೆ. "ರೊಟ್ಟಿ ಹಂಚು ಕಬ್ಬಿಣದ್ದ ಬೇಕೇನು? ಭಾರ ಎತ್ತಾಕ ಬರದಿದ್ರ? ಕೈ ನಾಜೂಕಿದ್ರ?"

ಕೈ ನಾಜೂಕು! ಆಫೀಸಿನ ಹೊಸಬನ ಕೈ ನಾಜೂಕಂತೆ! ನನ್ನ ಕಣ್ಣ ಮುಂದೆ ಗಾಜಿನ ಬಳೆ ತುಂಬಿಕೊಂಡ ಒಂದು ಸಪೂರ ಕೈ ಬಂದು ನಿಂತಿತು. ಆಮೇಲೆ, ಸದ್ದು ಮಾಡದ ಮಿಕ್ಸರ್ ಸಿಗುತ್ತದೆಯೇ ಎಂದು ಕೇಳಿದರು. ನೆರೆಮನೆಯವರಿಗೆ ಗೊತ್ತಾಗಬಾರದು ಅಂತಲೋ ಏನೋ, ಹಾಳಾದ್ದು! ಅಷ್ಟಕ್ಕೆ ಚಟ್ನಿ ಕುಟ್ಟುವ ಸಣ್ಣ ಕಲ್ಲೇ ಒಳ್ಳೆಯದು ಎಂದು ಹಲ್ಲು ಕಚ್ಚಿಕೊಂಡು ಹೇಳಿದೆ. ಸವತಿಗೆ ನನ್ನ ಕೈಯಾರೆ ಮನೆ ಹೂಡಿಕೊಡುತ್ತಿದ್ದೇನೆ ಎನಿಸಿ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಶನಿವಾರ ಸ್ಕೂಟರಿನ ಡಿಕ್ಕಿ ತೆಗೆದು ನೋಡಿದೆ. ಒಂದು ಚೀಲ. ಅದರಲ್ಲಿ ಮುಚ್ಚಳವಿದ್ದ ಸಣ್ಣ ಪಾತ್ರೆ, ಒಂದು ತಾಟು, ಒಂದು ಲೋಟ. ಮೂರರ ಮೇಲೂ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿದ್ದರು. ಹೆಣ್ಣಿನ ಹೆಸರು. ಎರಡೇ ಅಕ್ಷರ, ಬಾಯಲ್ಲಿ ಪೇಡೆ ಇಟ್ಟಂತೆ ಸಿಹಿಯಾದ ಹೆಸರು. ನಮ್ಮ ಬಳಗದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ.

ಚೀಲದ ಮೇಲೆ ಅಂಗಡಿಯ ವಿಳಾಸವಿತ್ತು. ಹೋದೆ. ಅಂಗಡಿಯವ ನೆನಪು ಮಾಡಿಕೊಂಡು, "ಹೌದಮ್ಮಾ, ಸಾಹೇಬ್ರು ಫೋನಿನಾಗ ಕೇಳಿ ಹೆಸ್ರು ಬರೆಸಿದ್ರು," ಎಂದ.

"ಫೋನಿನಾಗ ಯಾರಿದ್ರು?"

"ಹೆಣ್ಮಗಳೇ ರೀ. ಬಾಳ ನಗಾಕತ್ತಿದ್ರು."

ನಗುತ್ತಿದ್ದಳಂತೆ! ನನಗೆ ಆ ನಗುವೇ ಹೆಚ್ಚು ಉರಿಸಿತು. ಸಿರುಗುಪ್ಪದಲ್ಲಿ ಭಾವನ ಮನೆಯಲ್ಲಿರುವ ಅತ್ತೆಗೆ ಫೋನು ಮಾಡಿ ಎಲ್ಲ ಹೇಳಿಬಿಡಬೇಕು ಎನಿಸಿತು. ಆದರೆ ಎಷ್ಟೆಂದರೂ ಮಗನ ತಾಯಿ, ಮಗನನ್ನೇ ವಹಿಸಿಕೊಂಡಾರು ಎಂದು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ, "ಕುಡತಿನಿಯಾಗ ಕೆಲಸ ಐತಿ," ಎಂದು ಚೀಲ ಹಿಡಿದು ಹೊರಟರು. ನಾನು ಆಟೋದಲ್ಲಿ ಹಿಂದೆಯೇ ಬಸ್‌ಸ್ಟ್ಯಾಂಡಿಗೆ ಹೋದೆ. ಅವರು ಹತ್ತಿದ್ದು ಮಾತ್ರ ಕುರುಗೋಡಿನ ಬಸ್ಸು. ಮುಂದಿನ ಬಸ್ಸಿನಲ್ಲಿ ನಾನೂ ಕುರುಗೋಡಿಗೆ ಹೋದೆ. ದಾರಿಯುದ್ದಕ್ಕೂ, ಅವಳ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೆ. ಕೂದಲು ಹಿಡಿಯುವುದೋ ಬೇಡವೋ ಎಂಬುದೊಂದು ತೀರ್ಮಾನವಾಗಲಿಲ್ಲ.

ಅಲ್ಲಿಯ ಕಿರಾಣಿ ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳಿದೆ. "ಆ ಹೆಸ್ರಿನೋರು ಯಾರೂ ಇಲ್ರಿ," ಎಂದಳು ಅಂಗಡಿಯಾಕೆ. "ಗುಡ್ಡದ ಕಡೆ ಓಣ್ಯಾಗ ಒಬ್ರು ಹೊಸಬ್ರು ಬಂದಾರ, ನೋಡ್ರಿ."

ಹೆಸರನ್ನೂ ಮುಚ್ಚಿಟ್ಟಿದ್ದಾಳೆ, ಪಾಕಡಾ ಹೆಂಗಸು, ಎಂದುಕೊಂಡು ಓಣಿಗೆ ನುಗ್ಗಿದೆ. ಕೊನೆಯ ಮನೆಯ ಮೆಟ್ಟಿಲ ಮೇಲೆ ನಮ್ಮವರ ಚಪ್ಪಲಿ ಇದ್ದವು. ಬಾಗಿಲು ಬಡಿಯಲಿಲ್ಲ, ನೂಕಿದೆ.

ಒಂದೇ ಕೋಣೆ. ನಮ್ಮವರು ನೆಲದ ಮೇಲೆ ಕುಳಿತು ಗೋಡೆಗೆ ಬಡಿಯಲು ಮೊಳೆ ಆರಿಸುತ್ತಿದ್ದರು. ಒಲೆಯ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದವರು ನನ್ನ ಅತ್ತೆ.

"ನೀ ಯಾಕ ಬಂದಿ?" ಎಂದರು ನಮ್ಮವರು, ಮುಖ ಬಿಳಿಚಿಕೊಂಡು.

ನಾನು ಬಾಯಿಪಾಠ ಮಾಡಿದ್ದರಲ್ಲಿ ಅತ್ತೆಯ ಮುಂದೆ ಹೇಳುವಂಥದ್ದು ಒಂದೂ ಇರಲಿಲ್ಲ. ಅತ್ತೆ ನನ್ನನ್ನು ಕೂಡಿಸಿ ನೀರು ಕೊಟ್ಟರು. "ಅಂವಗ ಬೈಬ್ಯಾಡ. ಯಾರಿಗೂ ಹೇಳಬ್ಯಾಡಂತ ನಾನ ಆಣಿ ಹಾಕಿದ್ದೆ. ಸಿರುಗುಪ್ಪದಾಗ ಗುಡಿಗೆ ಹೊಂಟೀನಿ ಅಂತ ಹೇಳಿ ಬಂದೀನಿ, ಗೊತ್ತಾದ್ರ ಬಿಟ್ಟಾರೇನು? ಹಿರೇಮಗ, ನನ್ನ ಮಾನ ಹೋತು ಅಂತಾನ. ಅವರ ಮ್ಯಾಲೆ ನನಗ ಸಿಟ್ಟಿಲ್ಲವಾ, ಚಲೋ ನೋಡ್ಕೊತಾರ. ಆದ್ರ ಹದಿನಾರನೇ ವಯಸ್ಸಿನಿಂದ ದೊಡ್ಡ ದೊಡ್ಡ ಬೋಗಾಣಿ ತಿರುವಿ ಮಣಿಕಟ್ಟು ಹೋಗ್ಯಾವ. ಒಬ್ಬಾಕಿಗೆ ಎಷ್ಟು ಬ್ಯಾಳಿ ಹಾಕಬೇಕು ಅನ್ನೋದ ನನಗ ಗೊತ್ತಿಲ್ಲ ನೋಡು. ನಿನ್ನೆ ಸಾರು ಓಣಿಗೆಲ್ಲ ಹಂಚಿದೆ. ತಿಂಗಳಾಗ ನಾಕು ದಿನ ಆದ್ರೂ ಇಲ್ಲಿ ಬಂದು, ನನಗ ಬೇಕಾದ್ದು ಮಾಡ್ಕೊಂಡು ಉಣಬೇಕು ಅನಸೈತಿ."

ಸಮಾಧಾನವಾಯಿತು, ನಾಚಿಕೆಯೂ ಆಯಿತು. ಆದರೂ ಸಂಶಯ ಬಿಡಬೇಕಲ್ಲ. ತಾಟನ್ನು ತಿರುಗಿಸಿ ಹಿಡಿದೆ. "ಮತ್ತ ಈ ಹೆಸರು ಯಾರದು ಅತ್ತಿ?"

"ನಂದು."

ನನಗೆ ಗೊತ್ತಿದ್ದ ಅತ್ತೆಯ ಹೆಸರು ಬೇರೆ, ಸಹಸ್ರನಾಮದಿಂದ ಎತ್ತಿಕೊಂಡಂಥ ಉದ್ದನೆಯ ಹೆಸರು.

"ನಿಮಗ ಗೊತ್ತಿರೋ ಹೆಸರು ಮದುವ್ಯಾಗ ಇಟ್ಟಿದ್ದು," ಎಂದರು. "ತಾಟಿನ ಅಕ್ಕಿಯೊಳಗ ನಿಮ್ಮ ಮಾವ ಉಂಗುರದಿಂದ ಹೊಸಾ ಹೆಸರು ಬರೆದ್ರು, ನಾ ಓದಿದೆ, ಅವತ್ತಿಗೆ ಈ ತವರಿನ ಹೆಸರು ಮುಗೀತು. ಆ ಮನಿ ಪಾತ್ರಿ ಮ್ಯಾಲೆ ಮಾವನ ಹೆಸರು, ಗಂಡನ ಹೆಸರು, ಮಗನ ಹೆಸರು. ತವರಿನಾಗ ಕರಿಯೋರಿದ್ರು, ಅವರೂ ಒಬ್ಬೊಬ್ಬರ ಹೋದ್ರು. ಅಂಗಡ್ಯಾಂವ ಯಾರ ಹೆಸರು ಹಾಕ್ಲಿ ಅಂದ ಕೂಡಲೇ ಬಾಯಿಗೆ ಇದ ಬಂತು. ನನಗ ನಗು ತಡಿಯಾಕ ಆಗಲಿಲ್ಲ."

"ನನಗೂ ಅವತ್ತ ಗೊತ್ತಾಗಿದ್ದು," ಎಂದರು ನಮ್ಮವರು, ಮೊಳೆಗಳ ಕಡೆ ನೋಡುತ್ತ.

ಅತ್ತೆ ನನ್ನ ಕೆದರಿದ ತಲೆಯನ್ನೂ ಅತ್ತು ಕೆಂಪಾದ ಕಣ್ಣನ್ನೂ ನೋಡಿದರು. ಏನು ನಡೆದಿರಬೇಕೆಂದು ಅವರಿಗೆ ಹೊಳೆಯಿತು. "ಅಯ್ಯ ನಮ್ಮವ್ವ! ಈಕಿ ಯಾರೋ ಅಂತ ಜಗಳಾ ಮಾಡಾಕ ಬಂದಿಯೇನು?" ಎಂದು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನ ಕೈಯಿಂದ ತಾಟು ತೆಗೆದುಕೊಂಡು, ಸೆರಗಿನಿಂದ ಒರೆಸಿದರು.

"ಬಂದದ್ದ ಚಲೋ ಆತು ಬಿಡು," ಎಂದರು. "ಇಷ್ಟು ವರ್ಷದಾಗ ಈಕಿನ್ನ ಹುಡುಕ್ಕೊಂಡು ಬಂದಾಕಿ ನೀ ಒಬ್ಬಾಕೀನ."