ಹಿಂದಿನ ಸೀಟು ಕಿತ್ತ ಕಾರು

ಪೆಟ್ರೋಲಿನ ವಾಸನೆ ನನಗೆ ಈಗಲೂ ಆಗುವುದಿಲ್ಲ. ಗಂಡ ಬಂಕಿನಲ್ಲಿ ಬೈಕು ನಿಲ್ಲಿಸಿದನೆಂದರೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ರಸ್ತೆಯಾಚೆ ಹೋಗಿ ನಿಲ್ಲುತ್ತೇನೆ. ಇದಕ್ಕೆ ಕಾರಣ ನನ್ನ ಅಣ್ಣ ಮತ್ತು ಅವನ ಹಳೆಯ ಕಾರು. ಕಾರಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಪಾಪ, ಕಬ್ಬಿಣ.

ಅಣ್ಣ ಶಹಾಪುರದಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತ. ಅವ್ವ ಅವನ ಜೊತೆಗಿದ್ದಾಳೆ. ನಾನು ಮದುವೆಯಾಗಿ ಸುರಪುರಕ್ಕೆ ಬಂದವಳು. ನಾನು ಬಸುರಾದ ಸುದ್ದಿ ಕೇಳಿದ ಕೂಡಲೇ ಅವನು ಫೋನು ಮಾಡಿದ. "ತಂಗಿ, ಕುಬುಸ ಆದ ಮ್ಯಾಲ ನಿನ್ನ ಬಸ್ಸಿನ್ಯಾಗ ಕರಕೊಂಡು ಬರಂಗಿಲ್ಲ. ಗಾಡಿ ತಗೋತೀನಿ. ಹಿಂದಿನ ಸೀಟಿನ್ಯಾಗ ಕಾಲು ಚಾಚಿ ಮಲಕೊಂಡು ಬಾ." ಕುಬುಸವೆಂದರೆ ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಾಣಂತನಕ್ಕೆ ತವರಿಗೆ ಕಳಿಸುವ ಕಾರ್ಯ. ನಾನು ಅತ್ತೆಯ ಮುಂದೆ ಅಣ್ಣನ ಮಾತನ್ನು ಎರಡೆರಡು ಸಲ ಹೇಳಿ ಮೆರೆದೆ.

ಹೇಳಿದಂತೆ ಹೈದರಾಬಾದಿನಿಂದ ಕಾರು ತಂದ. ಯಾವುದೋ ಕಾಲಕ್ಕೆ ಶ್ರೀಮಂತರ ಮಕ್ಕಳು ಓಡಿಸಿ ಬೇಸತ್ತು ಬಿಟ್ಟ ಸ್ಪೋರ್ಟ್ಸ್ ಸೆಡಾನ್. ಬಣ್ಣ ಮಾಸಿತ್ತು, ಆದರೆ ಹಿಂದಿನ ಸೀಟು ಹೊಸ ಹತ್ತಿಯ ಗಾದಿಯ ಹಾಗಿತ್ತು. ಹಬ್ಬಕ್ಕೆ ಹೋದಾಗ ಅದರಲ್ಲಿ ಕೂತು ನೋಡಿದ್ದೆ. ಹೊಟ್ಟೆಯಲ್ಲಿದ್ದ ಕೂಸಿಗೂ ಸುಖವೆನಿಸಿರಬೇಕು.

ಅಲ್ಲಿಗೇ ಬಿಟ್ಟಿದ್ದರೆ ಅಣ್ಣ ಇವತ್ತಿಗೂ ನನ್ನ ಪಾಲಿಗೆ ದೇವರು. ಆದರೆ ಯಾದಗಿರಿ ಸ್ಟೇಷನ್ ಕಡೆಯ ಒಬ್ಬ ಮೆಕ್ಯಾನಿಕ್ ಅವನ ಕಿವಿಯಲ್ಲಿ ಊದಿದ: ಈ ಗಾಡಿಯ ಒಳಗೆ ಇನ್ನೂ ಜೋರು ಅಡಗಿದೆ, ಹೊರಗೆ ತೆಗೆಯಬೇಕು ಅಷ್ಟೇ. ಅಣ್ಣನಿಗೆ ಹುಚ್ಚು ಹಿಡಿಯಿತು. ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿಸಿದ. ಇಂಜಿನ್ನಿಗೆ ಗಾಳಿ ತುರುಕುವ ದೊಡ್ಡ ಟರ್ಬೊ ಹಾಕಿಸಿದ. ಹೊಗೆಯ ಕೊಳವೆ ಕತ್ತರಿಸಿ ಎಮ್ಮೆ ಕರು ಹಾಕುವಾಗ ಒರಲುವಂಥ ಸದ್ದು ಬರಿಸಿದ. ವಾರವಾರವೂ ಫೋನಿನಲ್ಲಿ ಇದೇ ಪುರಾಣ. ನನಗೆ ವಾಂತಿಯೋ ಜ್ವರವೋ ಕೇಳುವವರಿಲ್ಲ. ಸುಮ್ಮನೆ ಹ್ಞೂಂ ಹ್ಞೂಂ ಎನ್ನುತ್ತಾ ಕುಳಿತಿರುತ್ತಿದ್ದೆ.

ಇಷ್ಟೆಲ್ಲ ಯಾತಕ್ಕೆಂದರೆ, ನಿಂತಲ್ಲಿಂದ ನೂರರ ವೇಗಕ್ಕೆ ಎಷ್ಟು ಬೇಗ ಮುಟ್ಟುತ್ತದೆ ಎಂದು ನೋಡುವುದಕ್ಕೆ. ತಿರುವಿನಲ್ಲಿ ಹೇಗೆ, ಬ್ರೇಕು ಹೇಗೆ ಎಂದು ಕೇಳಬಾರದು. ಭಾನುವಾರ ಬೆಳಿಗ್ಗೆ ಕಾಲುವೆಯ ಪಕ್ಕದ ನೇರ ರಸ್ತೆಯಲ್ಲಿ ಇವನಂಥ ನಾಲ್ಕು ಮಂದಿ ಸೇರುತ್ತಿದ್ದರು. ಒಂದೇ ಉಸಿರಿಗೆ ಓಡುವುದು, ನಿಲ್ಲುವುದು, ತಿರುಗಿ ಬಂದು ಮತ್ತೆ ಓಡುವುದು. ಎಲ್ಲಿಗೂ ಹೋಗುವುದಿಲ್ಲ, ಏನನ್ನೂ ತರುವುದಿಲ್ಲ. ಗಾಣದ ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ.

ನಮ್ಮ ಕಡೆ ಗಾಡಿ ಮುಂದಕ್ಕೆ ಜಿಗಿಯುವ ಜೋರಿಗೆ ಪಿಕಪ್ ಎನ್ನುತ್ತಾರೆ. ಮೂಟೆ ಹೇರುವ ಸಣ್ಣ ಗಾಡಿಗೂ ಪಿಕಪ್ ಎನ್ನುತ್ತಾರೆ. ಅಣ್ಣ ಮನೆಯಲ್ಲಿ "ಪಿಕಪ್ ಬಂತು, ಭಾರಿ ಪಿಕಪ್ ಬಂತು" ಎಂದು ಕುಣಿದದ್ದನ್ನು ಅವ್ವ ತನಗೆ ತಿಳಿದಂತೆ ತಿಳಿದುಕೊಂಡಳು. ಕುಬುಸದ ಹಿಂದಿನ ದಿನ ನನ್ನ ಅತ್ತೆಗೆ ಫೋನು ಮಾಡಿ, ಮಗ ಪಿಕಪ್ ತರುತ್ತಾನೆ, ನಿಮ್ಮ ಗದ್ದೆಯ ಅಕ್ಕಿ ಎರಡು ಚೀಲ ಕಳಿಸಿರಿ ಎಂದುಬಿಟ್ಟಳು. ಅತ್ತೆ ಅಕ್ಕಿ ಚೀಲ ಬಾಗಿಲಿಗೆ ತಂದಿಟ್ಟರು, ಮುಖ ಮಾತ್ರ ಬಾಡಿಸಿಕೊಂಡರು. "ಉಡಿ ತುಂಬಿದ ಸೊಸೀನ ಅಕ್ಕಿ ಚೀಲದ ಜೋಡಿ ಹೇರಿ ಕಳಸಬೇಕೇನವ್ವ? ನಿಮ್ಮ ಮಂದಿಗಿ ಜರಾ ಆದರೂ ಮರ್ಯಾದಿ ಬ್ಯಾಡೇನು?" ನಾನು ನಗುತ್ತಾ ಅದರ ಅರ್ಥ ಬಿಡಿಸಿ ಹೇಳಿ, ಕಾರೇ ಬರುತ್ತದೆ ಎಂದು ಸಮಾಧಾನ ಮಾಡಿದೆ.

ಮರುದಿನ ಕಾರೇ ಬಂತು. ಓಣಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಗಂಡ ತರಬೇತಿಗೆಂದು ಕಲಬುರಗಿಗೆ ಹೋಗಿದ್ದ. ಆರತಿಯಾಯಿತು, ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು ಎಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೊಸ್ತಿಲು ದಾಟಿದೆ. ಹೀಗೆ ದಾಟಿದವಳು ತವರಿನ ಹೊಸ್ತಿಲು ತುಳಿಯುವವರೆಗೆ ಉಡಿ ಬಿಚ್ಚಬಾರದು, ತಿರುಗಿ ಒಳಗೆ ಹೋಗಲೂಬಾರದು. ಅಣ್ಣ ಹಿಂದಿನ ಬಾಗಿಲು ತೆಗೆದ. ಅಲ್ಲಿ ಸೀಟೇ ಇರಲಿಲ್ಲ.

ಬರೀ ತಗಡು. ಕೆಳಗಿನ ಹಾಸೂ ಕಿತ್ತಿದ್ದ. ಮುಂದೆ ಡ್ರೈವರಿನ ಪಕ್ಕಕ್ಕೆ ತೊಟ್ಟಿಯಂಥ ರೇಸಿನ ಸೀಟು, ಅದರ ಅಗಲ ನನ್ನ ಅರ್ಧದಷ್ಟು, ಅದರ ಪಟ್ಟಿಗಳು ಸರಿಯಾಗಿ ಹೊಟ್ಟೆಯ ಮೇಲೆಯೇ ಬಿಗಿಯಬೇಕು.

"ಎಲ್ಲಿ ಕುಂದ್ರಲೋ ಯಣ್ಣ?"

"ಹಗುರ ಆಗಲಂತ ತಗಿಸೀನವ್ವ. ಸೀಟು, ಎಸಿ, ಸ್ಟೆಪ್ನಿ ಎಲ್ಲಾ ಫಾಲತು ವಜ್ಜಿ. ಈಗ ಪಿಕಪ್ ಹೆಂಗದ ನೋಡು!"

ಫಾಲತು ಭಾರ. ಏಳು ತಿಂಗಳ ಹೊಟ್ಟೆ ಹೊತ್ತು ಅವನ ಎದುರಿಗೆ ನಿಂತಿದ್ದೆ, ಹಾಗಂದ. ಥೂ ಎನಿಸಿತು. ಅತ್ತೆಯ ಕಣ್ಣು ತಪ್ಪಿಸಿ ಆ ಕಡೆ ನೋಡಿದೆ. ಅವರು ಒಳಗೆ ಹೋಗಿ ಎರಡು ಕೌದಿ ತಂದು ತಗಡಿನ ಮೇಲೆ ಹಾಸಿದರು. ಆನಿಕೊಳ್ಳಲು ಅಕ್ಕಿ ಚೀಲಗಳನ್ನೇ ಇಟ್ಟರು. ನಿಜವಾದ ಪಿಕಪ್ ಬಂದಿದ್ದರೆ ಕಾಲಾದರೂ ಚಾಚಬಹುದಿತ್ತು. "ಮೆಲ್ಲಕ ಒಯ್ತೀನಿ, ನಿನ್ನ ಆಣಿ" ಎಂದ ಅಣ್ಣ. ತಿರುಗಿ ಒಳಗೆ ಹೋಗುವಂತಿಲ್ಲ. ಹತ್ತಿ ಕೂತೆ.

ಸುರಪುರದಿಂದ ಶಹಾಪುರದವರೆಗೆ ಊರು ಬಂದಲ್ಲೆಲ್ಲ ರಸ್ತೆಗೆ ಹಂಪು. ಕಾರನ್ನು ನೆಲಕ್ಕೆ ಇಳಿಸಿದ್ದನಾದ್ದರಿಂದ ಹಂಪು ಬಂದಲ್ಲೆಲ್ಲ ಅದರ ಹೊಟ್ಟೆ ತೀಡಿ ಕರ್ರೆನ್ನುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಣ್ಣ ಒಂದೊಂದು ಹಂಪಿಗೂ ಪಂಚಾಯಿತಿಯವರ ಮನೆತನವನ್ನು ಬೈದ. ತಗಡು ಕಾದಿತ್ತು. ಎಲ್ಲಿಂದಲೋ ಪೆಟ್ರೋಲಿನ ಗಬ್ಬು ಬಂದು ವಾಂತಿಗೆ ಮೊದಲಿನಂತೆ ಬಾಯಲ್ಲಿ ನೀರೂರುತ್ತಿತ್ತು. ಉಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಕೂಸಿನ ಮೇಲೊಂದು ಕಣ್ಣಿಟ್ಟುಕೊಂಡು ಕೂತಿದ್ದೆ. ಬೆಳಗಿನಿಂದ ಅದು ಒಳಗೆ ಮಗ್ಗುಲು ಬದಲಿಸುತ್ತಲೇ ಇತ್ತು.

ಊರು ದಾಟಿ ನೇರ ರಸ್ತೆ ಸಿಕ್ಕಿತು. ಹಿಂದಿನಿಂದ ಒಂದು ಬಿಳಿ ಕಾರು ಬಂದು, ಪಕ್ಕಕ್ಕೆ ಸರಿದು, ಎರಡು ಸಲ ಹಾರನ್ ಹೊಡೆಯಿತು. ಅಣ್ಣನ ಕುತ್ತಿಗೆ ನೆಟ್ಟಗಾದದ್ದು ಹಿಂದಿನಿಂದಲೇ ಕಂಡಿತು.

"ಬ್ಯಾಡೋ ಯಣ್ಣ. ಆಣಿ ಇಟ್ಟೀದಿ."

"ಒಂದೇ ಸಲ, ಗಟ್ಟಿ ಹಿಡಕೋ!"

ಏನು ಹಿಡಿದುಕೊಳ್ಳಲಿ? ಕಾರು ಜಿಗಿಯಿತು. ನಾನು, ಕೌದಿ, ಅಕ್ಕಿ ಚೀಲ ಎಲ್ಲ ಒಟ್ಟಿಗೆ ಜಾರಿ ಹಿಂದಿನ ತಗಡಿಗೆ ಬಡಿದೆವು. ಉಡಿಯ ಗಂಟು ಬಿಚ್ಚಿತು. ಕೊಬ್ಬರಿ ಬಟ್ಟಲು ಉರುಳುವ ಸದ್ದು, ಅಕ್ಕಿ ತಗಡಿನ ಮೇಲೆ ಚೆಲ್ಲುವ ಸದ್ದು, ಅದರ ಮೇಲೆ ಆ ಎಮ್ಮೆಯ ಒರಲು. ಸ್ವಲ್ಪ ಹೊತ್ತಿಗೆ ಎಲ್ಲ ನಿಂತಿತು. ಬಿಳಿ ಕಾರು ಹಿಂದೆ ಬಿದ್ದಿತ್ತಂತೆ. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು.

"ನೋಡಿದ್ಯಾ! ಹೆಂಗ ಹಿಂದ ಹಾಕ್ದೆ ಅಂವಗ!"

ನಾನು ಹೊಟ್ಟೆಯ ಮೇಲೆ ಕೈಯಿಟ್ಟೆ. ಕೂಸು ಅಲುಗಾಡಲಿಲ್ಲ.

ಹೇಗೋ ಇಳಿದು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತೆ. ವಾಂತಿಯಾಯಿತು. ಮತ್ತೆ ಕೈಯಿಟ್ಟೆ, ಒತ್ತಿದೆ, ಮಾತಾಡಿಸಿದೆ. ಒಳಗೆ ಬರೀ ಗಪ್ಪು. ಅಣ್ಣ ಬಂದ. ನನ್ನ ಹತ್ತಿರಕ್ಕೇ ಬಂದನೆಂದುಕೊಂಡೆ. ಅವನು ಪಕ್ಕದಲ್ಲಿದ್ದ ನನ್ನ ಕುಡಿಯುವ ನೀರಿನ ಬಾಟಲಿ ತೆಗೆದುಕೊಂಡು ಹೋಗಿ ರೇಡಿಯೇಟರಿನ ಮೇಲೆ ಸುರಿದ. ಬಾಯಿ ತೊಳೆಯಲಿಕ್ಕೂ ಒಂದು ಹನಿ ಉಳಿಸಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮನುಷ್ಯನ ಬಗ್ಗೆ ಅಷ್ಟು ಹೇಸಿಗೆ ಪಡಲು ಸಾಧ್ಯವೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಅಳಲಿಕ್ಕೂ ಹೆದರಿಕೆ. ಅತ್ತು ಹೊಟ್ಟೆ ಕುಲುಕಿದರೆ ಕೂಸು ಆಡಿದ್ದು ಗೊತ್ತಾಗದೆ ಹೋದೀತು ಎಂದು ಉಸಿರು ಬಿಗಿ ಹಿಡಿದು ಕೂತೆ.

ಕೊನೆಗೆ ಎಡಗಡೆ ಒಂದು ಒದೆ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಅಳು ಬಂತು, ಎದೆ ತುಂಬಿ ಅತ್ತುಬಿಟ್ಟೆ.

ಶಹಾಪುರದ ಬಸ್ಸು ಬಂತು. ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿದೆ. ಅಣ್ಣ ಓಡಿ ಬಂದ. "ಏ ಹುಚ್ಚಿ, ಮಂದಿ ಏನಂದಾರು? ಮನಿಯಾಗ ಗಾಡಿ ಇಟಗೊಂಡು ತಂಗೀನ ಬಸ್ಸಿಗಿ ಹತ್ತಿಸ್ಯಾನ ಅಂದಾರು!" ನಾನು ಬಸ್ಸು ಹತ್ತಿಬಿಟ್ಟೆ. ಬಸ್ಸಿನಲ್ಲಿ ಒಬ್ಬಾಕೆ ಎದ್ದು ಜಾಗ ಕೊಟ್ಟಳು. ನನ್ನ ಹಸಿರು ಸೀರೆ, ಬಿಚ್ಚಿದ ಸೆರಗು ನೋಡಿ ತನ್ನ ಸಂತೆಯ ಚೀಲದಿಂದ ಒಂದು ಬೊಗಸೆ ಜೋಳ ತೆಗೆದು ಉಡಿಗೆ ಹಾಕಿದಳು. "ಖಾಲಿ ಉಡಿ ತವರಿಗಿ ಒಯ್ಯಬಾರದವ್ವ" ಎಂದಳು. ಆಕೆ ಯಾರೋ, ಯಾವ ಊರಿನವಳೋ.

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲಿದ್ದಳು. ನಡೆದದ್ದನ್ನೆಲ್ಲ ಹೊಸ್ತಿಲಲ್ಲಿ ನಿಂತೇ ಹೇಳಿದೆ. ಕೂಸು ಆಡದೆ ಸುಮ್ಮನಾದದ್ದನ್ನೂ ಹೇಳಿದೆ. ಅಷ್ಟರಲ್ಲಿ ಅಣ್ಣನ ಕಾರು ಕೆಮ್ಮುತ್ತಾ, ಹೊಗೆ ಕಾರುತ್ತಾ ಓಣಿಗೆ ಬಂತು. ಅವ್ವ ಒಳಗೆ ಓಡಿದಳು. ಆರತಿಯ ತಟ್ಟೆ ತರುತ್ತಾಳೆಂದು ನಾನು ಸೆರಗು ಸರಿಪಡಿಸಿಕೊಂಡೆ. ಅವಳು ನಿಂಬೆಹಣ್ಣು ತಂದಳು. ನನ್ನನ್ನು ದಾಟಿ ಕಾರಿನ ಕಡೆಗೆ ಹೊರಟಳು.

"ಮಂದಿ ಕಣ್ಣು ಬಿದ್ದದ ನೋಡು ಗಾಡಿಗಿ" ಎಂದಳು. "ಹುಡುಗ ಎಷ್ಟು ಶೌಕದಿಂದ ಮಾಡಿಸಿದ್ದ. ನೀ ಜರಾ ನಿಂದ್ರು, ಇದಕ್ಕ ದೃಷ್ಟಿ ತಗದು ಬರ್ತೀನಿ."

ನಾನು ಆ ನಿಂಬೆಹಣ್ಣನ್ನು ಅವಳ ಕೈಯಿಂದ ಕಸಿದುಕೊಂಡೆ. ಆರತಿಯಿಲ್ಲದೆ ಹೊಸ್ತಿಲು ದಾಟಿ ಅಡುಗೆಮನೆಗೆ ಹೋದೆ, ಹಣ್ಣು ಕೊಯ್ದು ನೀರಿಗೆ ಹಿಂಡಿ, ಉಪ್ಪು ಕದಡಿ, ನಿಂತೇ ಗಟಗಟ ಕುಡಿದೆ.